ಮದುವೆ ಮುಗಿದ ಮೇಲಿನ ಒಂಬತ್ತು ನಿಮಿಷ

ಮಿಶ್ರಿಕೋಟಿಯ ಮೀರಾಬಿ, ಅದೇ ಊರಿನ ಹೊಳೆಯಪ್ಪನ ಮಗಳ ಮದುವೆಯ ವಿಡಿಯೊವನ್ನು ಐದು ಸಲ ನೋಡಿದ್ದು ಕಳುವಾದ ತನ್ನ ಬೋರಮಾಳ ಸರವನ್ನು ಹುಡುಕುವುದಕ್ಕೆ ಎಂದು ಮೂರು ಊರುಗಳ ಜನ ಆಡಿಕೊಂಡರು. ಸರ ಮದುಮಗನ ಸೋದರತ್ತೆಯ ಕೊರಳಲ್ಲಿತ್ತಂತೆ ಎಂದು ತಂಬೂರಿನವರು ಹೇಳಿದರು. ದೇವಿಕೊಪ್ಪಕ್ಕೆ ಬರುವಷ್ಟರಲ್ಲಿ ಸರದ ಜೊತೆಗೆ ಒಂದು ಜೋಡಿ ಪಾಟಲಿ ಬಳೆಯೂ ಕಳುವಾಗಿತ್ತು. ಮಿಶ್ರಿಕೋಟಿಯಲ್ಲಂತೂ ಮೀರಾಬಿ ಕಲಘಟಗಿ ಠಾಣೆಯ ಮೆಟ್ಟಿಲು ಹತ್ತಿ ಇಳಿದದ್ದನ್ನು ಕಣ್ಣಾರೆ ಕಂಡವರೇ ಇಬ್ಬರಿದ್ದರು.

ಇದರಲ್ಲಿ ಐದು ಸಲ ಎಂಬುದೊಂದೇ ನಿಜ. ಮೀರಾಬಿಗೆ ಬೋರಮಾಳ ಸರ ಎಂದೂ ಇರಲಿಲ್ಲ. ಅವಳ ಮೈಮೇಲಿದ್ದ ಬೆಲೆಬಾಳುವ ಲೋಹವೆಂದರೆ ಸೆರಗಿನ ಅಂಚಿಗೆ ಚುಚ್ಚಿಕೊಂಡಿರುತ್ತಿದ್ದ ಎರಡು ಸೂಜಿಗಳು. ಅಷ್ಟೇ ಅಲ್ಲ, ಆ ಮದುವೆಯನ್ನೂ ಅವಳು ನೋಡುತ್ತಿರಲಿಲ್ಲ. ತೆರೆಯ ಮುಂದೆ ಕುಳಿತು, ಅಕ್ಕಿಕಾಳು ಬಿದ್ದು, ಆಯಾರದ ಉಡುಗೊರೆ ಮುಗಿದು, ಪಂಕ್ತಿ ಎದ್ದು, ಮದುಮಕ್ಕಳು ಟ್ರ್ಯಾಕ್ಟರ್ ಏರುವುದನ್ನು ಬಸ್ಸಿಗೆ ಕಾಯುವವಳಂತೆ ಕಾಯುತ್ತಿದ್ದಳು. ಅವಳಿಗೆ ಬೇಕಾದದ್ದು ಆ ಮದುವೆಯಾದ ಮೇಲೆ ಇತ್ತು.

ಮೀರಾಬಿ ಕೌದಿ ಹೊಲಿಯುವವಳು. ಗಂಡ ದಾವೂದಸಾಬ ಬಸ್ಸು ನಿಲ್ಲುವಲ್ಲಿ ಟೇಲರ್ ಅಂಗಡಿ ಇಟ್ಟಿದ್ದ. ಅವನ ಕತ್ತರಿಯಿಂದ ಉದುರಿದ ಚಿಂದಿ, ಊರವರು ಗಂಟು ಕಟ್ಟಿ ತಂದುಕೊಡುವ ಹಳೆಯ ಸೀರೆ, ಸವೆದ ಧೋತರ, ಇವೆಲ್ಲ ಅವಳ ತೊಡೆಯ ಮೇಲೆ ಪದರಪದರವಾಗಿ ಕೂಡಿಕೊಂಡು ಹೊದಿಕೆಯಾಗುತ್ತಿದ್ದವು. ಊರಿನ ಅರ್ಧ ಕೂಸುಗಳು ಅವಳ ಕೌದಿಯ ಮೇಲೆ ಮಲಗಿ ಬೆಳೆದವು. ಅವಳ ಹೆಸರು ನಿಂತದ್ದು ಒಂದು ಮಾತಿನ ಮೇಲೆ: ‘ಮೀರಾಬಿ ಹೊಲದ್ರ ಹರಕ ಅರಿವಿ ಅಂತ ಗೊತ್ತ ಆಗಂಗಿಲ್ಲ.’ ಹರಿದ ಅಂಚನ್ನು ಒಳಗೆ ಮಡಚುವುದು, ಬಣ್ಣ ಹೋದ ಮಗ್ಗುಲನ್ನು ಕೆಳಕ್ಕೆ ಹಾಕುವುದು, ತೂತಿನ ಮೇಲೆ ಹೂವಿನ ತೇಪೆ ಕೂರಿಸುವುದು, ಇದೇ ಅವಳ ವಿದ್ಯೆ. ಮೂವತ್ತು ವರ್ಷ ಅವಳು ಬಡತನವನ್ನು ಅಷ್ಟು ನಾಜೂಕಾಗಿ ಮರೆಮಾಚಿದ್ದಳು. ಮೂವತ್ತು ವರ್ಷವೂ ಅವಳನ್ನು ಹೊಗಳಿದ್ದು ಆ ಮರೆಮಾಚಿದ್ದಕ್ಕಾಗಿ.

ಅವಳ ತಮ್ಮನ ಮಗ ಇಮಾಮುದ್ದೀನ ಕಲಘಟಗಿಯಲ್ಲಿ ರೇಡಿಯೊ ರಿಪೇರಿ ಬಿಟ್ಟು ವಿಡಿಯೊ ಹಿಡಿದಿದ್ದ. ಟಿ.ವಿ., ವಿ.ಸಿ.ಆರ್. ಬಾಡಿಗೆಗೆ ಒಯ್ಯುವುದು, ಲಗ್ನಸರಾಯಿಯಲ್ಲಿ ಹುಬ್ಬಳ್ಳಿಯಿಂದ ಕ್ಯಾಮರಾ ತಂದು ಮದುವೆ ಚಿತ್ರೀಕರಿಸುವುದು ಅವನ ಉದ್ಯೋಗ. ಹೊಸ ಕ್ಯಾಸೆಟ್ಟು ತುಟ್ಟಿಯೆಂದು ಗೋವಾಕ್ಕೆ ಹೋಗಿ, ಪರದೇಶದವರು ಬಿಟ್ಟುಹೋದ ಹಳೆಯ ಕ್ಯಾಸೆಟ್ಟುಗಳನ್ನು ಒಂದು ಗೋಣಿಚೀಲದಲ್ಲಿ ತುಂಬಿಕೊಂಡು ಬಂದಿದ್ದ. ೧೯೮೭ರ ಶಿವರಾತ್ರಿ ಕಳೆದ ವಾರ, ಮಿಶ್ರಿಕೋಟಿಯಲ್ಲಿ ಬಾಡಿಗೆ ಮುಗಿಸಿ ಹೊರಟವನಿಗೆ ಬಸ್ಸು ತಪ್ಪಿತು. ಮುಂದಿನ ಬಸ್ಸಿಗೆ ಎರಡು ತಾಸು ಇತ್ತು. ಟಿ.ವಿ.ಯನ್ನು ಸೋದರತ್ತೆಯ ಮನೆಯಲ್ಲಿಳಿಸಿ, ಕಿಟಕಿಗೆ ಕಂಬಳಿ ಕಟ್ಟಿದ.

“ಫುಪ್ಪು, ಇವುರಾಗ ಏನೇನೈತಿ ಅಂತ ನನಗೂ ಗೊತ್ತಿಲ್ಲ. ಫೈಟಿಂಗ್ ಇದ್ರ ಇಟಗೊಳ್ಳೂದು, ಇಲ್ಲಂದ್ರ ಅಳಿಸಿ ಮದುವಿ ತುಂಬೂದು,” ಎಂದ.

ಅವನು ಹಾಕಿದ ಮೊದಲ ಕ್ಯಾಸೆಟ್ಟಿನ ಚೀಟಿ ಹರಿದುಹೋಗಿತ್ತು. ಪರದೇಶದ ಚಿತ್ರ. ಹೆಸರು ಬರುವ ಜಾಗದಲ್ಲಿ ಬರೀ ಗೀರುಗಳು. ಬಾಗಿಲು ಮುಚ್ಚಿದ ಒಂದು ಗಿರಣಿ, ಅದರ ಅಂಗಳದಲ್ಲಿ ಆರು ಜನ ಹರೆಯದವರು. ತಲೆಗೂದಲು ಹಸಿರು, ಕೆಂಪು, ನೆಟ್ಟಗೆ ನಿಂತಿದೆ. ಅಂಗಿಗಳು ಹರಿದಿವೆ, ಹರಿದಲ್ಲೆಲ್ಲ ಸೇಫ್ಟಿ ಪಿನ್ನು. ಇಂಥವರನ್ನು ಅವರ ಸೀಮೆಯಲ್ಲಿ ಪಂಕ್ ಎನ್ನುತ್ತಾರೆಂದು ಕ್ಯಾಸೆಟ್ಟು ಮಾರಿದವನು ಇಮಾಮುದ್ದೀನನಿಗೆ ಹೇಳಿದ್ದ.

ಅಂಗಡಿ ಬಿಟ್ಟು ಬಂದು ನಿಂತಿದ್ದ ದಾವೂದಸಾಬ ಹೊಟ್ಟೆ ಹಿಡಿದುಕೊಂಡು ನಕ್ಕ. “ತಲಿ ಹುಂಜಂದು, ಅಂಗಿ ಭಿಕ್ಷುಕಂದು! ಇಂಥಾದ್ದು ನನ್ನ ಅಂಗಡಿಗೆ ಬಂದ್ರ ಹೊಲಿಯಾಕಲ್ಲ, ಸೈಕಲ್ ಒರಸಾಕ ತಗೋತೀನಿ.”

“ಸುಮ್ಮನ ಕುಂದರ್ರಿ,” ಎಂದಳು ಮೀರಾಬಿ.

ನೋಡಲು ಬಂದಿದ್ದ ನೆರೆಯ ಹೆಂಗಸರು ಹತ್ತು ನಿಮಿಷದಲ್ಲಿ ಎದ್ದುಹೋದರು. ಆ ಹುಡುಗರಿಗೆ ವಾದ್ಯ ನುಡಿಸಲು ಬರುತ್ತಿರಲಿಲ್ಲ. ಬಾರದಿದ್ದರೂ ನುಡಿಸುತ್ತಿದ್ದರು. ಹಾಡುವ ಬದಲು ಕೂಗುತ್ತಿದ್ದರು. ಅವರಲ್ಲೊಬ್ಬಳು ಹುಡುಗಿ. ಅರ್ಧ ತಲೆ ಬೋಳು, ಉಳಿದರ್ಧ ಇಂಗಳದ ಕೆಂಪು. ಅವಳು ಕೂಗುತ್ತಿರಲಿಲ್ಲ, ಹೊಲಿಯುತ್ತಿದ್ದಳು. ಗೋಣಿತಟ್ಟು, ಯಾರದೋ ಕಿಟಕಿಯ ಪರದೆ, ಪೊಲೀಸನ ಚಡ್ಡಿ, ಮದುವೆಯ ಬಿಳಿ ನಿಲುವಂಗಿ, ಸಿಕ್ಕಿದ್ದನ್ನೆಲ್ಲ ದಪ್ಪ ಕರಿನೂಲಿನಿಂದ ಒಂದಕ್ಕೊಂದು ಕೂಡಿಸುತ್ತಿದ್ದಳು. ಹರಿದ ಅಂಚು ಹೊರಗೆ. ಗಂಟು ಹೊರಗೆ. ಹೊಲಿಗೆ ಗೇಣುದ್ದ, ರಸ್ತೆಯ ಆಚೆ ನಿಂತವನಿಗೂ ಕಾಣುವ ಹಾಗೆ.

ಮೀರಾಬಿಯ ಕೈಯಲ್ಲಿದ್ದ ಸೂಜಿ ನಿಂತಿತು.

ಅವಳ ಕಣ್ಣು ಹೊಲಿಗೆಯ ಕಣ್ಣು. ಕೂಡಿಸಿದ್ದು ಎಲ್ಲಿದ್ದರೂ ಅದಕ್ಕೆ ಸಿಗುತ್ತದೆ. ಹುಡುಗಿಯ ಬಟ್ಟೆಯಲ್ಲಿ ಕಂಡದ್ದನ್ನೇ ಅವಳು ಸ್ವಲ್ಪ ಹೊತ್ತಿನಲ್ಲಿ ಚಿತ್ರದಲ್ಲೂ ಕಾಣತೊಡಗಿದಳು. ಪೊಲೀಸನಾಗಿ ಬಂದಿದ್ದವನೇ ಮುಂದೆ ರೊಟ್ಟಿ ಅಂಗಡಿಯವನಾಗಿ ಬಂದ. ತೊಟ್ಟ ಅಂಗಿ ಬೇರೆ, ಬೂಟು ಅವೇ. ಮಾತಾಡುವವರ ತಲೆಯ ಮೇಲೆ ತುದಿಗೆ ಮೈಕು ಕಟ್ಟಿದ ಒಂದು ಕೋಲು ಇಳಿದು ಬಂದು, ಮಾತು ಕೇಳಿಸಿಕೊಂಡು, ಮೇಲೆ ಹೋಯಿತು. ಒಂದು ಕಡೆ ಜೋರು ಮಳೆ. ಹುಡುಗರು ನೆನೆದು ತೊಪ್ಪೆಯಾಗುತ್ತಿದ್ದಾರೆ, ಅವರ ಬೆನ್ನ ಹಿಂದಿನ ರಸ್ತೆ ಒಣಗಿ ಬೆಳ್ಳಗಿದೆ.

“ಮಳಿ ಒಂದ ಬಾಜು!” ದಾವೂದಸಾಬ ಚಪ್ಪಾಳೆ ತಟ್ಟಿದ. “ಪೈಪ್ ಹಿಡದು ಬಿಟ್ಟಾರ ಮಕ್ಕಳು. ರೊಕ್ಕ ಸಾಲಿಲ್ಲ ಇವರಿಗೆ.”

“ಅರಿವಿ ಸಾಲಿಲ್ಲ,” ಎಂದಳು ಮೀರಾಬಿ, ತನಗೇ ಹೇಳಿಕೊಂಡಂತೆ. “ಸಾಲಿಲ್ಲಂತ ಮುಚ್ಚಿಲ್ಲ ನೋಡ್ರಿ.”

ಗಂಡನಿಗೆ ಇದು ನಗೆಯಾಗಿ ಕಂಡಿತು. ಅವಳಿಗೆ ನಗು ಬರಲಿಲ್ಲ. ಇದ್ದದ್ದು ಇಷ್ಟೇ ಎಂದು ಹೇಳಿಕೊಳ್ಳುವುದಕ್ಕೆ ಇಷ್ಟು ಧೈರ್ಯ ಬೇಕೆಂದು, ಅಂಥ ಧೈರ್ಯ ಯಾರಿಗಾದರೂ ಇರಬಹುದೆಂದು ಅವಳು ಎಣಿಸಿರಲಿಲ್ಲ. ಚಿಂದಿಯಿಂದ ಮಾಡಿ ರೇಷ್ಮೆಯೆನ್ನಿಸಿದರೆ ಹೊಗಳಿಕೆ ಬರುತ್ತದೆ. ಇವರು ಚಿಂದಿಯಿಂದ ಮಾಡಿ, ಚಿಂದಿ ಎಂದೇ ಎತ್ತಿ ಹಿಡಿದಿದ್ದರು. ಹಿಡಿದ ರೀತಿಯಲ್ಲಿ ನಾಚಿಕೆಯ ಒಂದು ಎಳೆಯೂ ಇರಲಿಲ್ಲ. ಭಾಷೆ ತಿಳಿಯದ ಆ ಚಿತ್ರ ಅವಳಿಗೆ ತನ್ನ ಕಸಬಿನ ಭಾಷೆಯಲ್ಲೇ ಮಾತಾಡುತ್ತಿತ್ತು, ಅವಳೆಂದೂ ಆಡದ ಮಾತುಗಳನ್ನು.

ಒಂದು ತಾಸಿನ ಹೊತ್ತಿಗೆ ಹುಡುಗಿ ಹೊಲಿದದ್ದು ಬೆಳೆದು ಬೆಳೆದು ಗಿರಣಿಯ ಅಂಗಳವನ್ನೆಲ್ಲ ತುಂಬಿತು. ಐವರು ಅದರ ಒಂದು ತುದಿ ಹಿಡಿದು, ಹೊರಗಿನ ಕಬ್ಬಿಣದ ಮೆಟ್ಟಿಲುಗಳ ಮೇಲಿಂದ ಮಾಳಿಗೆಗೆ ಎಳೆಯತೊಡಗಿದರು. ಇಷ್ಟು ದೊಡ್ಡ ಕೌದಿ ಯಾರಿಗೆ? ಯಾವ ಮೈಗೆ? ಮೀರಾಬಿ ಮುಂದಕ್ಕೆ ಬಾಗಿದಳು.

ಕರೆಂಟು ಹೋಯಿತು.

ಬಸ್ಸಿನ ಹಾರ್ನ್ ಕೇಳುವವರೆಗೂ ಕರೆಂಟು ಬರಲಿಲ್ಲ. ಇಮಾಮುದ್ದೀನ ವೈರು ಸುತ್ತುತ್ತ, “ಫೈಟಿಂಗೂ ಇಲ್ಲ, ಡಾನ್ಸೂ ಇಲ್ಲ,” ಎಂದ.

“ಅಳಿಸಬ್ಯಾಡಪಾ ಅದನ್ನ. ಮುಂದ ಏನಾತು ನೋಡಬೇಕು ನಾ.”

“ಆತು ಬಿಡ ಫುಪ್ಪು.”

ಆತು ಬಿಡು ಎಂದವನು ಬಿಟ್ಟೇಬಿಟ್ಟ. ಮೇ ತಿಂಗಳಲ್ಲಿ ಲಗ್ನದ ಮೇಲೆ ಲಗ್ನ. ಮಿಶ್ರಿಕೋಟಿಯ ಹೊಳೆಯಪ್ಪನ ಮಗಳು ಮಲ್ಲಕ್ಕನನ್ನು ತಂಬೂರಿಗೆ ಕೊಟ್ಟಿದ್ದರು. ಮದುವೆ ಹೊಳೆಯಪ್ಪನ ಕಣದಲ್ಲಿ. ಊರೆಲ್ಲ ಉಂಡ ಆ ಮದುವೆಗೆ ಮೀರಾಬಿಯೂ ಹೋಗಿದ್ದಳು. ಹೆಗಲ ಮೇಲೆ ಕ್ಯಾಮರಾ, ಸೊಂಟಕ್ಕೆ ರೆಕಾರ್ಡರು ಕಟ್ಟಿಕೊಂಡು ಬೆವರುತ್ತಿದ್ದ ಇಮಾಮುದ್ದೀನನನ್ನು ಹಿಡಿದು ನಿಲ್ಲಿಸಿ ಕೇಳಿದಳು.

“ನನ್ನ ಪಿಚ್ಚರ್ ಎಲ್ಲಿ ಇಟ್ಟೀಯೋ?”

ಅವನು ಕ್ಯಾಮರಾದಿಂದ ಕಣ್ಣು ತೆಗೆಯದೆ ರೆಕಾರ್ಡರಿನ ಮೇಲೆ ಬೆರಳಿಂದ ತಟ್ಟಿದ. “ಇದರಾಗ. ಖಾಲಿ ಕ್ಯಾಸೆಟ್ ತೀರಿದ್ವು ಫುಪ್ಪು. ಅದರ ಮ್ಯಾಲೇ ಮದುವಿ ತುಂಬಾಕತ್ತೀನಿ. ಸರಿ ಸ್ವಲ್ಪ, ಆಯಾರ ನಡದೈತಿ.”

ಮೈಕಿನಲ್ಲಿ ಆಯಾರ ಕೂಗುತ್ತಿದ್ದರು, ಇಂಥವರಿಂದ ಇಂಥವರಿಗೆ ಒಂದು ಕುಪ್ಪಸದ ಕಣ, ಇಂಥವರಿಂದ ಒಂದು ಹಿತ್ತಾಳೆ ತಂಬಿಗೆ. ಒಂದೊಂದು ಹೆಸರಿಗೂ ಆ ಪೆಟ್ಟಿಗೆಯೊಳಗೆ ಚಿತ್ರದ ಒಂದೊಂದು ತುಂಡು ಅಳಿಯುತ್ತಿತ್ತು. ಗಿರಣಿ ಹೋಯಿತು. ಒಂದೇ ಬದಿಯ ಮಳೆ ಹೋಯಿತು. ಮೀರಾಬಿ ನಿಂತಲ್ಲೇ ನಿಂತಳು. ಮದುವೆಯನ್ನು ತಡೆಯುವುದು ಯಾರಿಂದಾದೀತು? ಆ ವಿಡಿಯೊದಲ್ಲಿ ಇಂದಿಗೂ ಅದು ಕಾಣುತ್ತದೆ: ಆಯಾರದ ನಡುವೆ ಒಬ್ಬ ಹೆಂಗಸು ಸೀದಾ ಕ್ಯಾಮರಾದ ಕಣ್ಣಿಗೆ ಕಣ್ಣು ಹಾಕಿ, ಎಲ್ಲ ಕಳೆದುಕೊಂಡವಳಂತೆ ನೋಡುತ್ತಾಳೆ. ಬೋರಮಾಳದ ಸುದ್ದಿ ಹುಟ್ಟಿದ್ದು ಆ ನೋಟದಿಂದ.

ಎಂಟು ದಿನದ ಮೇಲೆ ಹೊಳೆಯಪ್ಪನ ಪಡಸಾಲೆಯಲ್ಲಿ ಮದುವೆಯನ್ನು ತೋರಿಸಿದರು. ಮೀರಾಬಿ ಹೋದದ್ದು ಹೋಗದಿದ್ದರೆ ಚೆಂದವಲ್ಲವೆಂದು. ಒಂದು ತಾಸು ಇಪ್ಪತ್ತು ನಿಮಿಷ ಎಲ್ಲರೂ ತಂತಮ್ಮ ಮುಖ ಬಂದಾಗ ಕೂಗಿ, ಬೇರೆಯವರ ಮುಖ ಬಂದಾಗ ಆಡಿಕೊಂಡು ಮುಗಿಸಿದರು. ಟ್ರ್ಯಾಕ್ಟರು ಧೂಳೆಬ್ಬಿಸಿ ಹೋಯಿತು. ಜನ ಏಳುತ್ತಿದ್ದರು. ತೆರೆಯ ಮೇಲೆ ನಾಲ್ಕು ಗೀರು ಕುಣಿದವು, ಚಿತ್ರ ಉರುಳಿತು, ನಿಂತಿತು. ಅಲ್ಲಿ ಗಾಳಿಯಲ್ಲಿ ಕೆಂಪು ಕೂದಲು ಹಾರಿಸಿಕೊಂಡು ಆ ಹುಡುಗಿ ಮಾಳಿಗೆಯ ಅಂಚಿನಲ್ಲಿದ್ದಳು.

ಇಮಾಮುದ್ದೀನನ ಕೆಲಸದ ರೀತಿ ಅದು. ಮದುವೆ ಮುಗಿದಲ್ಲಿ ಯಂತ್ರ ನಿಲ್ಲಿಸಿ ಕ್ಯಾಸೆಟ್ಟು ತೆಗೆಯುತ್ತಿದ್ದ, ಉಳಿದ ಟೇಪನ್ನು ಅಳಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಮದುವೆಗಿಂತ ಚಿತ್ರ ಒಂಬತ್ತು ನಿಮಿಷ ಉದ್ದವಿತ್ತು.

“ಲೇ ಇಮಾಮ್ಯಾ!” ಮದುಮಗಳ ತಾಯಿ ಕೆಂಚವ್ವ ಗರ್ಜಿಸಿದಳು. “ನನ್ನ ಮಗಳ ಮದುವ್ಯಾಗ ಈ ಅರ್ಧ ಬೋಳಿ ಯಾರಲೇ?”

ಅವನು ಹಾರಿಬಿದ್ದು ಗುಂಡಿ ಒತ್ತಿದ. ಕಂಡದ್ದು ಒಂದೂವರೆ ನಿಮಿಷ. ಮೀರಾಬಿ ಮಾತ್ರ ಕೂತಲ್ಲಿಂದ ಏಳಲಿಲ್ಲ. ಸತ್ತಿತೆಂದುಕೊಂಡದ್ದು ಉಸಿರಾಡುತ್ತಿತ್ತು.

“ಬೀಗರ ಮನಿಗೆ ಹೋಗೂದರಾಗ ಅದನ್ನ ತಗೀ,” ಎಂದು ಕೆಂಚವ್ವ ತಾಕೀತು ಮಾಡಿದಳು. “ಮದುಮಗಳ ಹಿಂದ ಇಂಥಾಕಿ ನಿಂತ್ರ ಚಲೋ ಕಾಣ್ತದೇನು? ಶಕುನ ಅಂತ ಒಂದು ಇರತೈತಿ.”

ಅಳಿಸುವುದರೊಳಗೆ ತಂಬೂರಿನ ಬೀಗರು ಬಂದು ಕ್ಯಾಸೆಟ್ಟು ಒಯ್ದರು. ಕೆಂಚವ್ವನಿಗೆ ಕಳಿಸಲು ಉಳಿದದ್ದು ಒಂದು ಮಾತು: ಟ್ರ್ಯಾಕ್ಟರು ಹೋದ ಕೂಡಲೇ ಬಂದ್ ಮಾಡಬೇಕು.

ಮೀರಾಬಿ ಒಂದು ಹಳೆಯ ಕೌದಿಯನ್ನು ಕಂಕುಳಲ್ಲಿಟ್ಟುಕೊಂಡು, ಗಿರಾಕಿಗೆ ಮುಟ್ಟಿಸಬೇಕೆಂಬ ನೆಪದಲ್ಲಿ ತಂಬೂರಿಗೆ ಹೋದಳು. ಮದುಮಗನ ಮನೆಯಲ್ಲಿ ಇಡೀ ಮದುವೆಯನ್ನು ಮತ್ತೆ ಕೂತು ಕಳೆದಳು. ಯಂತ್ರದ ಹತ್ತಿರ ಕೂತವನು ತೂಕಡಿಸುತ್ತಿದ್ದುದರಿಂದ ಮೂರು ನಿಮಿಷ ಸಿಕ್ಕಿತು: ಕೆಳಗಿನ ರಸ್ತೆಯಲ್ಲಿ ಪೊಲೀಸರು, ಮೇಲೆ ಗಾಳಿಗೆ ಉಬ್ಬುತ್ತಿದ್ದ ಆ ಮಹಾಕೌದಿ. ನಾಲ್ಕು ದಿನ ಬಿಟ್ಟು ಅದೇ ಊರಿನಲ್ಲಿ ಮದುಮಗನ ಕಾಕಾನ ಮನೆಯಲ್ಲಿ ತೋರಿಸುತ್ತಾರೆಂದು ಕೇಳಿ ಮತ್ತೆ ಹೋದಳು. ಈ ಸಲ ಹಿಂದಿನ ಸಾಲಿನ ಗಂಡಸರೇ, “ಇರ್ಲಿ ಬಿಡ್ರಿ, ಆ ಹುಂಜದ ಮಂದಿ ಏನ ಮಾಡ್ತಾರ ನೋಡೂಣು,” ಎಂದು ಕೂಗಿದ್ದರಿಂದ ಇನ್ನೊಂದು ನಿಮಿಷ ಹೆಚ್ಚಿಗೆ ದಕ್ಕಿತು. ಕೌದಿಯನ್ನು ಮಾಳಿಗೆಯಿಂದ ಕೆಳಕ್ಕೆ ಬಿಡುತ್ತಿದ್ದರು. ಅದು ನೆಲ ಮುಟ್ಟುವ ಮುಂಚೆ ಮನೆಯ ಹಿರಿಯರು ವೈರನ್ನೇ ಕಿತ್ತರು.

ದೇವಿಕೊಪ್ಪದಲ್ಲಿ ಮದುಮಗಳ ಸೋದರಮಾವ ಗುಡದಪ್ಪನ ಮನೆ. ಗುಡದಪ್ಪನಿಗೆ ತಂಗಿಯ ಮಾತು ಮೀರುವ ಎದೆಯಿಲ್ಲ, ಯಂತ್ರದ ಗುಂಡಿ ಯಾವುದೆಂದೂ ಗೊತ್ತಿಲ್ಲ. ಟ್ರ್ಯಾಕ್ಟರು ಹೋದದ್ದೇ ತಡ, ಹೆಗಲ ಮೇಲಿನ ಟವೆಲ್ಲನ್ನು ಟಿ.ವಿ. ಮೇಲೆ ಹಾಕಿ, ಎರಡೂ ಕೈಯಿಂದ ಒತ್ತಿ ಹಿಡಿದು ನಿಂತ.

“ಮಾವಾ, ದನಿ ಬರಾಕತ್ತೈತಿ,” ಎಂದರು ಯಾರೋ.

“ದನಿಗೇನಾಗ್ತದಪಾ? ದನಿಗೆ ಬೋಳು ತಲಿ ಇರತೈತೇನು?”

ಹೀಗಾಗಿ ಮೀರಾಬಿ ಚಿತ್ರದ ಕೊನೆಯನ್ನು ನೋಡುವ ಮೊದಲೇ ಕೇಳಿದಳು. ಕೂಗು, ತಂತಿವಾದ್ಯದ ಕಿರುಚಾಟ, ಬೂಟುಗಳ ಸದ್ದು, ಎಲ್ಲ ಏಕಾಏಕಿ ನಿಂತುಹೋದವು. ಬರೀ ಗಾಳಿ. ಆಮೇಲೆ ದೊಡ್ಡದೊಂದು ಅರಿವೆಯನ್ನು ಯಾರೋ ಝಾಡಿಸಿದ ಸಪ್ಪಳ, ಒಮ್ಮೆ, ಇನ್ನೊಮ್ಮೆ. ಅಷ್ಟೇ. ಆ ಸಪ್ಪಳ ಅವಳಿಗೆ ಗೊತ್ತು. ಪ್ರತಿ ಕೌದಿ ಮುಗಿದ ದಿನ ಅಂಗಳದಲ್ಲಿ ನಾಲ್ಕು ಹೆಂಗಸರು ಮೂಲೆ ಹಿಡಿದು ಝಾಡಿಸುವಾಗ ಹುಟ್ಟುವ ಸಪ್ಪಳ ಅದು. ಸಾವಿರಾರು ಮೈಲಿ ಆಚೆಯ ಹುಂಜದ ತಲೆಯವರಿಗೆ ಅದು ಹೇಗೆ ಗೊತ್ತು? ಬಸ್ಸಿನಲ್ಲಿ ಮರಳುವಾಗ ಅವಳಿಗೆ ಕಿಟಕಿಯ ಹೊರಗಿನ ಭತ್ತದ ಗದ್ದೆಗಳು ಕಾಣಲಿಲ್ಲ.

ನಾಗರಪಂಚಮಿಗೆ ಮಲ್ಲಕ್ಕ ತವರಿಗೆ ಬರುವವಳಿದ್ದಳು. ಮರಳಿ ಹೋಗುವಾಗ ಒಯ್ಯಲೆಂದು ಕೆಂಚವ್ವ ಮೀರಾಬಿಯ ಹತ್ತಿರ ಒಂದು ಕೌದಿ ಹೊಲಿಯಲು ಹಾಕಿದ್ದಳು. ಕ್ಯಾಸೆಟ್ಟನ್ನೂ ತಂಬೂರಿನಿಂದ ತರಿಸಿ, ಹಬ್ಬದ ಹಿಂದಿನ ದಿನ ಬಂದು ಮದುವೆಯ ಕೊನೆಗಂಟಿದ ಆ ಬಾಲ ಅಳಿಸಿಕೊಡುವಂತೆ ಇಮಾಮುದ್ದೀನನಿಗೆ ಹೇಳಿಕಳಿಸಿದ್ದಳು. ಈ ಸಲ ತಪ್ಪುವಂತಿರಲಿಲ್ಲ. ಅಳಿಸಿದರೆ ಆ ಹುಡುಗಿ ಹೊಲಿದದ್ದಕ್ಕೆ ಏನಾಯಿತೆಂದು ತಿಳಿಯುವ ದಾರಿ ಭೂಮಿಯ ಮೇಲೆ ಮೀರಾಬಿಗೆ ಇನ್ನೊಂದಿರಲಿಲ್ಲ.

ಅವಳ ಕಸಬಿನಲ್ಲಿ ಒಂದು ರೂಢಿಯಿದೆ. ಕೌದಿಯ ಮೂರು ಮೂಲೆ ಹೊಲಿದು ಮುಗಿಸಿ, ನಾಲ್ಕನೆಯದನ್ನು ತೆರೆದಿಡುತ್ತಾರೆ. ಯಾರ ಮನೆಯ ಕೌದಿಯೋ ಆ ಮನೆಯ ಹೆಂಗಸು ಒಂದು ಚೂರು ರೊಟ್ಟಿ ತಂದು ಅದರೊಳಗಿಡಬೇಕು, ಆಮೇಲೆ ಮುಚ್ಚಬೇಕು. ಹಸಿದ ಕೌದಿ ಬೆಚ್ಚಗಿಡುವುದಿಲ್ಲ ಎಂಬುದು ನಂಬಿಕೆ. ಹಬ್ಬದ ಹಿಂದಿನ ದಿನ ಮಧ್ಯಾಹ್ನ ಕೆಂಚವ್ವ ಸೆರಗಿನಲ್ಲಿ ಬಿಳಿಜೋಳದ ರೊಟ್ಟಿಯ ಚೂರು ಕಟ್ಟಿಕೊಂಡು ಬಂದು ಮೂಲೆಯೊಳಗಿಟ್ಟಳು. ಮೀರಾಬಿ ಸೂಜಿ ಎತ್ತಲಿಲ್ಲ.

“ಮುಚ್ಚ ಬೇ. ಅಲ್ಲಿ ಇಮಾಮ್ಯಾ ಬಂದು ಕುಂತಾನ.”

“ಕೈ ಬರವಲ್ದು ಕೆಂಚಕ್ಕಾ.”

“ಏನಾಗೈತಿ ಕೈಗೆ?”

“ಕೈಗೇನೂ ಆಗಿಲ್ಲ. ಮನಸಿಗೆ.”

ಕೆಂಚವ್ವ ದನಿ ಇಳಿಸಿದಳು. “ನೋಡ, ನಾ ಖರೇನ ಕೇಳ್ತೀನಿ. ನಿನ್ನ ಬೋರಮಾಳ ನಮ್ಮ ಬೀಗರ ಮನ್ಯಾಗ ಐತೇನು? ಇದ್ರ ಹೇಳಿಬಿಡು. ನಾಕ ಮಂದಿ ನಾಕ ಥರಾ ಮಾತಾಡ್ತಾರ, ನನಗ ಊಟ ಸೇರವಲ್ದು.”

ಮೀರಾಬಿ ಬಾಯಿಗೆ ಸೆರಗು ಹಿಡಿದು ನಕ್ಕಳು. “ಯವ್ವಾ, ನನಗ ಬೋರಮಾಳ ಇದ್ದಿದ್ರ ಮಂದಿ ಹರಕ ಅರಿವಿ ಹೊಲಕೊಂತ ಕುಂದರ್ತಿದ್ನೇನು?”

“ಮತ್ತ ಊರ ಊರ ತಿರಗಿ ನನ್ನ ಮಗಳ ಮದುವಿ ನೋಡಿದ್ಯಲ್ಲ, ಯಾಕ?”

“ಆ ಹುಡುಗಿ ಹೊಲದಿದ್ದು ಏನಾತು ಅಂತ.”

“ಯಾವ ಹುಡುಗಿ?”

“ಅರ್ಧ ಬೋಳಿ.”

ಕೆಂಚವ್ವ ಸಿಟ್ಟಾಗಲು ಬಾಯಿ ತೆರೆದಳು. ಎದುರಿಗಿದ್ದವಳ ಮುಖದಲ್ಲಿ ಚೇಷ್ಟೆಯಿರಲಿಲ್ಲ. ಮೂರು ಊರು, ನಾಲ್ಕು ಸಲ, ಒಂದೊಂದು ಸಲಕ್ಕೂ ಒಂದು ತಾಸು ಇಪ್ಪತ್ತು ನಿಮಿಷದ ಮದುವೆ. ಇಷ್ಟನ್ನು ಒಬ್ಬಳು ಹೊಲಿಗೆಯವಳು ಇನ್ನೊಬ್ಬಳು ಹೊಲಿಗೆಯವಳಿಗಾಗಿ ಸಹಿಸಿದ್ದಳು.

“ಒಮ್ಮಿ,” ಎಂದಳು ಕೆಂಚವ್ವ. “ಒಂದ ಒಮ್ಮಿ. ಬಾಗಲಾ ಹಾಕಿ. ನಾನೂ ಬಾಜುಕ ಕುಂದರ್ತೀನಿ. ಆಮ್ಯಾಲೆ ಅಳಿಸೂದ.”

ಹೊಳೆಯಪ್ಪನ ಪಡಸಾಲೆಯ ಬಾಗಿಲು ಹಾಕಿಕೊಂಡು ಮೂವರು ಕೂತರು. ಇಮಾಮುದ್ದೀನ ಟೇಪನ್ನು ಟ್ರ್ಯಾಕ್ಟರಿನವರೆಗೆ ಓಡಿಸಿದ. ಮೆಟ್ಟಿಲೇರಿದ್ದಕ್ಕೂ ಮಾಳಿಗೆಯಲ್ಲಿ ನಿಂತದ್ದಕ್ಕೂ ನಡುವೆ ಇಪ್ಪತ್ತು ನಿಮಿಷ ಇಲ್ಲವಾಗಿತ್ತು. ಅದು ಮದುವೆಯೂಟದ ಪಂಕ್ತಿಯ ಕೆಳಗೆ ಹೋಗಿತ್ತು, ಮರಳಿ ಬರುವಂಥದ್ದಲ್ಲ. ಇದ್ದ ಒಂಬತ್ತು ನಿಮಿಷ ಶುರುವಾಯಿತು.

ಮಾಳಿಗೆಯ ಮೇಲೆ ಆರು ಜನ. ಕೆಳಗೆ ಪೊಲೀಸರು, ಬೀದಿಯ ಜನ. ಆರು ಜನ ಕೂಗುತ್ತ, ನುಡಿಸುತ್ತ, ಆ ಕೌದಿಯನ್ನು ಅಂಚಿನಿಂದಾಚೆ ನೂಕಿದರು. ಅದು ಗಾಳಿ ತುಂಬಿಕೊಂಡು ಬಿಚ್ಚಿತು, ಗೋಣಿ, ಪರದೆ, ಚಡ್ಡಿ, ನಿಲುವಂಗಿ, ಗೇಣುದ್ದದ ಕರಿ ಹೊಲಿಗೆ ಎಲ್ಲ ಕಾಣುವ ಹಾಗೆ, ಬಹಳ ನಿಧಾನವಾಗಿ ಇಳಿದು ಕೆಳಗಿದ್ದವರೆಲ್ಲರ ಮೇಲೆ ಕವಿಯಿತು. ಹಾಡು ನಿಂತಿತು. ಪೊಲೀಸರು ಯಾರು, ಬೀದಿಯವರು ಯಾರು ಎಂದು ಹೇಳಲಾಗದಂತೆ ಅರಿವೆಯಡಿ ತಲೆಗಳ ಉಬ್ಬುಗಳು ಮಾತ್ರ ಕದಲಿದವು.

ಆಮೇಲೆ ಅಂಚು ಎದ್ದಿತು. ಒಳಗಿನಿಂದ ಕೈಗಳು ಬಂದು ಅಂಚನ್ನು ಹಿಡಿದವು. ಪೊಲೀಸನೂ ರೊಟ್ಟಿಯವನೂ ಆಗಿದ್ದವನು ಈಗ ಯಾವ ವೇಷವೂ ಇಲ್ಲದೆ, ಬನಿಯನ್ನಿನಲ್ಲಿ, ಒಂದು ಮೂಲೆ ಹಿಡಿದು ನಿಂತ. ಎರಡನೆಯ ಮೂಲೆಗೆ ತಲೆಯ ಮೇಲೆ ಇಳಿಯುತ್ತಿದ್ದ ಆ ಕೋಲಿನವನು ಬಂದ, ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು. ಮೂರನೆಯದಕ್ಕೆ ಮಳೆ ಸುರಿಸಿದ ನೀರಿನ ಪೈಪಿನವಳು, ಅವಳ ಹೆಗಲ ಮೇಲೆ ಪೈಪು ಇನ್ನೂ ತೊಟ್ಟಿಕ್ಕುತ್ತಿತ್ತು. ನಾಲ್ಕನೆಯ ಮೂಲೆ ನೆಲದ ಮೇಲೆ ಬಿದ್ದಿತ್ತು. ಎಲ್ಲರೂ ತೆರೆಯ ಈಚೆಗೆ, ನೋಡುವವರ ಕಡೆಗೆ ತಿರುಗಿ ಕಾದರು. ಚಿತ್ರ ಅಲುಗಾಡಿತು, ಕೆಳಗಿಳಿಯಿತು, ಓರೆಯಾಗಿ ನೆಲಕ್ಕೆ ಕೂತಿತು. ಓರೆಯಾದ ಆ ಚಿತ್ರದೊಳಗೆ ಒಬ್ಬ ಕನ್ನಡಕದವನು ಈಚೆಯಿಂದ ಓಡಿಹೋಗಿ ನಾಲ್ಕನೆಯ ಮೂಲೆ ಎತ್ತಿಕೊಂಡ. ಇಷ್ಟು ಹೊತ್ತೂ ಕ್ಯಾಮರಾ ಹಿಡಿದಿದ್ದವನು ಅವನೇ. ಈಗ ಅದನ್ನು ಹಿಡಿದವರು ಯಾರೂ ಇರಲಿಲ್ಲ. ಎಲ್ಲರೂ ಕೌದಿ ಹಿಡಿದಿದ್ದರು. ಬಿಗಿಯಾಗಿ ಎಳೆದು, ಝಾಡಿಸಿದರು. ಒಮ್ಮೆ. ಇನ್ನೊಮ್ಮೆ. ಧೂಳು ಮೇಲೆದ್ದು ಬೆಳಕನ್ನೆಲ್ಲ ತುಂಬಿತು. ಮುಗಿಯಿತು.

ಮೀರಾಬಿಯ ಕಣ್ಣು ತೆರೆಯ ಮೇಲಿನ ಬರೀ ಗೀರುಗಳಿಂದ ಕದಲಲಿಲ್ಲ. ಮೂವತ್ತು ವರ್ಷ ಹೊಲಿದವಳಿಗೆ ತಾನು ಮಾಡುವುದು ಇಷ್ಟು ದೊಡ್ಡದೆಂದು ಈವರೆಗೆ ಯಾರೂ ತೋರಿಸಿರಲಿಲ್ಲ. ತೋರಿಸಿದವರ ಹೆಸರೂ ಅವಳಿಗೆ ತಿಳಿಯದು. ಅವರ ಕೈ ಮಾತ್ರ ತಿಳಿಯಿತು.

ಮೊದಲು ಮಾತಾಡಿದವಳು ಕೆಂಚವ್ವ. “ಆ ಪೈಪಿನಾಕಿ ಸಡ್ಲ ಹಿಡದಾಳ.”

“ಹೌದ,” ಎಂದಳು ಮೀರಾಬಿ.

“ಹಂಗ ಹಿಡದ್ರ ಧೂಳ ಹೋಗಂಗಿಲ್ಲ.” ಕೆಂಚವ್ವ ಮುಂದಕ್ಕೆ ಸರಿದು ಕೂತಳು. “ಹಿಂದ ಹಾಕಲೇ ಇಮಾಮ್ಯಾ. ಆ ಚಾಳಶ್ಮಾದಾಂವ ಓಡಿ ಬರ್ತಾನಲ್ಲ, ಅಲ್ಲಿಂದ.”

ಮೂರು ಸಲ ಹಿಂದೆ ಹಾಕಿಸಿದಳು. ಇಮಾಮುದ್ದೀನ ಗುಂಡಿಯ ಮೇಲೆ ಬೆರಳಿಟ್ಟು, “ಅಳಿಸಲ್ಯಾ ಅವ್ವಾರ?” ಎಂದು ಕೇಳಿದಾಗ ಕೆಂಚವ್ವ ಸೆರಗು ಸರಿಪಡಿಸಿಕೊಳ್ಳುತ್ತ ಎದ್ದಳು.

“ಇವತ್ತ ಹಬ್ಬದ ಕೆಲಸ ಅದಾವ. ನಾಳೆ ನೋಡೂಣು.”

ಮೀರಾಬಿ ಮನೆಗೆ ಬಂದು ರೊಟ್ಟಿಯ ಚೂರಿನ ಮೇಲೆ ನಾಲ್ಕನೆಯ ಮೂಲೆಯನ್ನು ಮುಚ್ಚಿದಳು. ಹರಿದ ಅಂಚನ್ನು ಒಳಗೆ ಮಡಚಲಿಲ್ಲ, ಕರಿನೂಲು ಪೋಣಿಸಿ ಹೊರಗಿಟ್ಟು ಹೊಲಿದಳು. ಸಂಜೆ ಕೌದಿ ಒಯ್ಯಲು ಬಂದ ಕೆಂಚವ್ವ ಆ ಮೂಲೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು. ಬಿಚ್ಚು ಎನ್ನಲಿಲ್ಲ.

ಇದು ನಡೆದು ಎರಡು ವರ್ಷವಾಯಿತು. ‘ನಾಳೆ’ ಬರಲಿಲ್ಲ. ಕ್ಯಾಸೆಟ್ಟು ಈಗ ತಂಬೂರಿನಲ್ಲಿ ಮಲ್ಲಕ್ಕನ ಮನೆಯಲ್ಲಿದೆ. ಬಾಲದ ಪಿಚ್ಚರ್ ಎಂದು ಅದಕ್ಕೆ ಹೆಸರು ಬಿದ್ದಿದೆ. ಸುತ್ತಲಿನ ಊರಿನವರು ಬಂದು ಕೇಳಿದರೆ ಮಲ್ಲಕ್ಕ ತನ್ನ ಮದುವೆಯನ್ನು ತಾನೇ ಓಡಿಸಿ ಅದನ್ನು ಹಾಕುತ್ತಾಳೆ. ಚಿತ್ರದ ನಿಜವಾದ ಹೆಸರು ಇಂದಿಗೂ ಯಾರಿಗೂ ಗೊತ್ತಿಲ್ಲ. ಇಮಾಮುದ್ದೀನ ಗೋವಾಕ್ಕೆ ಹೋಗಿ ವಿಚಾರಿಸಿದ, ಮಾರಿದವನು ಅಂಗಡಿ ಮುಚ್ಚಿ ಹೋಗಿದ್ದ. ಬೋರಮಾಳದ ಸುದ್ದಿ ದೇವಿಕೊಪ್ಪದಲ್ಲಿ ಇನ್ನೂ ಓಡಾಡುತ್ತಿದೆ. ಮೀರಾಬಿ ಮಿಶ್ರಿಕೋಟಿಯಲ್ಲಿ ಕೌದಿ ಹೊಲಿಯುತ್ತಿದ್ದಾಳೆ. ಹೆಚ್ಚಿನವರು ಹರಿದದ್ದು ಕಾಣಬಾರದು ಎನ್ನುತ್ತಾರೆ, ಅವರಿಗೆ ಹಾಗೆಯೇ ಹೊಲಿದುಕೊಡುತ್ತಾಳೆ. ಕಾಣಬೇಕು ಎಂದವರು ಈವರೆಗೆ ಏಳು ಜನ. ತಿರುತಿರುಗಿ ಹಾಕಿದ್ದಕ್ಕೆ ಟೇಪಿನ ಕೊನೆ ಸವೆದಿದೆ. ಕಡೆಯ ಒಂದು ನಿಮಿಷದಲ್ಲಿ ಈಗ ಬಣ್ಣ ಉಳಿದಿಲ್ಲ, ದನಿ ಇದೆ.